ಕ್ರೋನ್ಸ್ ಇದ್ದಾಗ ನಮ್ಮ ಮನೆ ಊಟ: ಸಿಪ್ಪೆ, ಬೀಜ, ನಾರಿನ ಲೆಕ್ಕ

ಕರುಳಿನ ಉರಿಯೂತ ಕಾಯಿಲೆ ಅಂದರೆ ಮುಖ್ಯವಾಗಿ ಎರಡು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿಗಷ್ಟೇ ಬರುತ್ತದೆ. ಕ್ರೋನ್ಸ್ ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಹೆಚ್ಚಾಗಿ ಕಾಣಿಸಿಕೊಳ್ಳುವುದು ಸಣ್ಣ ಕರುಳಿನ ತುದಿಯಲ್ಲಿ. ನನ್ನದು ಕ್ರೋನ್ಸ್. ಆ ತುದಿಯಲ್ಲಿ ಕರುಳು ಸ್ವಲ್ಪ ಕಿರಿದಾಗಿದೆ, ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಯೋಪ್ರಿನ್ ಔಷಧಿ ನಡೆಯುತ್ತಿದೆ. ಮುಂದೆ ಬರೆದಿರುವುದನ್ನು ಇಷ್ಟು ತಿಳಿದುಕೊಂಡು ಓದಿ. ಕೊಲೈಟಿಸ್ ಇರುವವರಿಗೆ, ಕರುಳು ಕಿರಿದಾಗದವರಿಗೆ ಇದರಲ್ಲಿ ಹಲವು ಕಟ್ಟುನಿಟ್ಟು ಬೇಕಿಲ್ಲ.

ಕಾಯಿಲೆ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು "ಏನೇನು ಬಿಡಬೇಕು?" ಅಂತ. ಒಬ್ಬರು ಹಾಲು ಬಿಡಿ ಅಂತಾರೆ, ಇನ್ನೊಬ್ಬರು ಗೋಧಿ ಬಿಡಿ, ಮತ್ತೊಬ್ಬರು ಬೇಳೆ ಬಿಡಿ. ಕೊನೆಗೆ ಉಳಿಯುವುದು ಅನ್ನ, ಮಜ್ಜಿಗೆ. ಈ ಕಾಯಿಲೆಯಲ್ಲಿ ತೂಕ ಇಳಿಯುವುದು, ರಕ್ತ ಕಡಿಮೆಯಾಗುವುದು, ಸ್ನಾಯು ಕರಗುವುದು ಮೊದಲೇ ಇರುವ ತೊಂದರೆ. ಅದರ ಮೇಲೆ ತಟ್ಟೆಯನ್ನೂ ಖಾಲಿ ಮಾಡಿಕೊಂಡರೆ ಔಷಧಿ ಕೆಲಸ ಮಾಡುತ್ತಿದ್ದರೂ ಮನುಷ್ಯ ಸೊರಗುತ್ತಾನೆ. ಹಾಗಾಗಿ ನನ್ನ ಕ್ರಮ ಬೇರೆ: ಪದಾರ್ಥವನ್ನು ಬಿಡುವ ಮೊದಲು ಅದರ ರೂಪ ಬದಲಿಸಿ ನೋಡುತ್ತೇನೆ. ಸಿಪ್ಪೆ ತೆಗೆ, ಬೀಜ ತೆಗೆ, ನಾರು ತೆಗೆ, ಬೇಯಿಸು, ಅರೆ, ಸೋಸು. ಇಷ್ಟು ಮಾಡಿಯೂ ಒಗ್ಗದಿದ್ದರೆ ಮಾತ್ರ ಬಿಡುವ ಮಾತು.

ನಾರಿನಲ್ಲಿ ಎರಡು ಬಗೆ. ನೀರಿನಲ್ಲಿ ಕರಗಿ ಲೋಳೆಯಾಗುವ ನಾರು ಬಾಳೆಹಣ್ಣು, ಓಟ್ಸ್, ಕ್ಯಾರೆಟ್, ಸಿಹಿಗುಂಬಳದಲ್ಲಿ ಸಿಗುತ್ತದೆ. ಇದು ಮಲವನ್ನು ಗಟ್ಟಿ ಮಾಡಲು ನೆರವಾಗುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಆಹಾರ. ಕರಗದ ನಾರು ಅಂದರೆ ಕಾಳಿನ ಹೊಟ್ಟು, ತರಕಾರಿ ಸಿಪ್ಪೆ, ಸೊಪ್ಪಿನ ದಂಟು. ಅದು ಹೆಚ್ಚುಕಡಿಮೆ ಹೋದ ಹಾಗೇ ಮುಂದೆ ಸಾಗುತ್ತದೆ. ಕರುಳು ಕಿರಿದಾದ ಕಡೆ ಸಿಕ್ಕಿಹಾಕಿಕೊಳ್ಳುವುದು ಇದೇ. ಬಾಳೆದಿಂಡು, ಕಳಲೆ, ಹಲಸಿನ ತೊಳೆ, ನುಗ್ಗೆಕಾಯಿಯ ಹೊರಭಾಗ, ಮೆಕ್ಕೆಜೋಳದ ತೆನೆ, ಒಣಕೊಬ್ಬರಿ, ಅಣಬೆ, ಕಿತ್ತಳೆಯ ಬಿಳಿ ಪೊರೆ: ಇವಿಷ್ಟನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಬಾಳೆದಿಂಡಿನ ಎಳೆಗಳನ್ನು ಬೆರಳಿಗೆ ಸುತ್ತಿ ಎಷ್ಟು ತೆಗೆದರೂ ಒಳಗೆ ಉಳಿದೇ ಇರುತ್ತವೆ, ಬೇಯಿಸಿದರೂ ಕರಗುವುದಿಲ್ಲ. ಊಟವಾದ ಕೆಲ ಗಂಟೆಗೆ ಹೊಟ್ಟೆ ಉಬ್ಬಿ, ಅಲೆಯಲೆಯಾಗಿ ಹಿಂಡುವ ನೋವು, ವಾಂತಿ ಬಂದು, ಗಾಳಿಯೂ ಹೋಗದೆ ನಿಂತರೆ ಅದು ಅಡಚಣೆಯ ಲಕ್ಷಣ. ಜೀರಿಗೆ ಕಷಾಯ ಕುಡಿದು ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ರಾಗಿ

ನಮ್ಮ ಕಡೆಯವರಿಗೆ ರಾಗಿ ಬಿಡಿ ಅನ್ನುವುದು ದೊಡ್ಡ ಶಿಕ್ಷೆ. ಆದರೆ ಲೆಕ್ಕ ನೋಡಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಅದರ ಬಹುಪಾಲು ಕರಗದ್ದು. ಬಿಳಿ ಅಕ್ಕಿಯಲ್ಲಿ ಸುಮಾರು 3 ಗ್ರಾಂ ಮಾತ್ರ. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಹಲ್ಲು ಮಾಡಬೇಕಾದ ಕೆಲಸವೂ ಕರುಳಿಗೇ ಬೀಳುತ್ತದೆ.

ಹೊಟ್ಟೆ ಕೆಟ್ಟಿರುವ ದಿನಗಳಲ್ಲಿ ನಾನು ರಾಗಿ ಹಾಲು ತೆಗೆಯುತ್ತೇನೆ. ಅರ್ಧ ಕಪ್ ರಾಗಿ ತೊಳೆದು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಒಂದು ಕಪ್ ಹೊಸ ನೀರಿನಲ್ಲಿ ನುಣ್ಣಗೆ ರುಬ್ಬಬೇಕು. ಸೋಸಲು ಸ್ಟೀಲ್ ಜಾಲರಿ ಸಾಲದು, ಹೊಟ್ಟಿನ ಸಣ್ಣ ಚೂರು ಇಳಿದುಬಿಡುತ್ತವೆ. ತೆಳು ಪಂಚೆ ಬಟ್ಟೆ ಒದ್ದೆ ಮಾಡಿ ಅದರಲ್ಲಿ ಹಿಂಡಬೇಕು. ಉಳಿದ ಚರಟಕ್ಕೆ ಇನ್ನೊಂದು ಕಪ್ ನೀರು ಹಾಕಿ ಮತ್ತೆ ರುಬ್ಬಿ, ಮತ್ತೆ ಹಿಂಡಿ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ಕಾಯಿಸಿದರೆ ಐದಾರು ನಿಮಿಷಕ್ಕೆ ಗಂಜಿ ಮಂದವಾಗಿ ಹೊಳಪು ಬರುತ್ತದೆ. ಒಲೆಗೆ ಇಡುವ ಮೊದಲು ತಳದಿಂದ ಕಲಕುವುದನ್ನು ಮರೆತರೆ ಗಟ್ಟಿ ಹಿಟ್ಟು ತಳದಲ್ಲಿ ಕೂತು ಗಂಟಾಗುತ್ತದೆ, ಮೇಲೆ ಬರೀ ನೀರು.

ರಾಗಿಯ ಕ್ಯಾಲ್ಸಿಯಂ ಹೆಚ್ಚಾಗಿ ಇರುವುದು ಹೊರಪದರದಲ್ಲಿ. ಸೋಸಿದ ಹಾಲಿನಲ್ಲಿ ಅದರ ದೊಡ್ಡ ಪಾಲು ಚರಟದ ಜೊತೆ ಹೋಗಿರುತ್ತದೆ. 100 ಗ್ರಾಂಗೆ 360 ಮಿಲಿಗ್ರಾಂ ಸಿಗುತ್ತದೆ ಅನ್ನುವ ಲೆಕ್ಕ ಇಡೀ ರಾಗಿಗೆ ಮಾತ್ರ. ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುವಾಗ ಮೂಳೆ ಸವೆಯುವ ಭಯ ಇರುವುದರಿಂದ, ಸೋಸಿದ ರಾಗಿಯನ್ನು ನೆಚ್ಚಿ ಕೂರದೆ ಮೊಸರು ಮತ್ತು ವೈದ್ಯರು ಕೊಟ್ಟ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ನಡೆಸಿಕೊಂಡು ಹೋಗಬೇಕು. ಹೊಟ್ಟೆ ಶಾಂತವಾದ ಮೇಲೆ ಜರಡಿ ಹಿಡಿದ ಹಿಟ್ಟಿನ ಅಂಬಲಿ, ಆಮೇಲೆ ಅಕ್ಕಿ ಬೆರೆಸಿದ ಸಣ್ಣ ಮುದ್ದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳಕ್ಕೂ ಇದೇ ದಾರಿ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹಸಿ ಈರುಳ್ಳಿ ಒಟ್ಟಿಗೆ ಬೇಡ, ಜೋಳದ ಹಿಟ್ಟಿನ ಅಂಬಲಿಯಿಂದ ಶುರು ಮಾಡಿ.

ಬೇಳೆ, ಕಾಳು, ಸೊಪ್ಪು

ಹೆಸರುಬೇಳೆ ತೊವ್ವೆ ಕೆಟ್ಟ ದಿನಗಳಲ್ಲೂ ನಡೆಯುತ್ತದೆ. ಒಂದು ಹೊತ್ತಿಗೆ 30 ಗ್ರಾಂ ಬೇಳೆ, ಅಂದರೆ ಸುಮಾರು 7 ಗ್ರಾಂ ಪ್ರೋಟೀನ್. ಅರಿಸಿನ, ಸ್ವಲ್ಪ ಶುಂಠಿ ರಸ, ಉಪ್ಪು, ಒಂದು ಚಮಚ ತುಪ್ಪ ಸಾಕು. ಕುಕ್ಕರಿನಲ್ಲಿ ಬೇಯಿಸಿ ಕಡೆಗೋಲಿನಲ್ಲಿ ಕಡೆದರೆ ಬೇಳೆಯ ಗುರುತೇ ಸಿಗಬಾರದು.

ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ನಮಗೆ ಹೇಳಿ ಮಾಡಿಸಿದ ಹಾಗಿದೆ. ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಹೊರಬರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಕರಗದ ನಾರಿನ ಮುಖ್ಯ ಭಾಗ ಆ ಸಿಪ್ಪೆಯಲ್ಲೇ ಹೋಯಿತು. ಆದರೆ ಗಾಳಿ ಮಾಡುವ ಸಕ್ಕರೆಗಳು ಒಳಗಿನ ಬೇಳೆಯಲ್ಲೇ ಇರುತ್ತವೆ. ಅವು ನೀರಿಗೆ ಇಳಿಯುವಂಥವು. ಅದಕ್ಕೆ ನೆನೆಸಿದ ನೀರು ಚೆಲ್ಲಬೇಕು, ಹಿತಕಿದ ಮೇಲೆ ಮತ್ತೊಮ್ಮೆ ತೊಳೆಯಬೇಕು. ಬೆರಳಲ್ಲಿ ಒತ್ತಿದರೆ ಹಿಟ್ಟಾಗುವವರೆಗೆ ಬೇಯಿಸಿ, ಮೊದಲ ಸಲ ಎರಡು ದೊಡ್ಡ ಚಮಚ ಮಾತ್ರ ತಿನ್ನಿ. ಇಡೀ ಕಡಲೆ, ಹುರುಳಿ, ರಾಜ್ಮಾಕ್ಕೆ ಸಿಪ್ಪೆ ತೆಗೆಯುವ ಸುಲಭ ದಾರಿ ಇಲ್ಲ. ಹುರುಳಿ ಬೇಯಿಸಿದ ಕಟ್ಟಿನ ಸಾರು ಸೋಸಿಕೊಂಡು ಕುಡಿಯಬಹುದು.

ಸೊಪ್ಪಿನಲ್ಲಿ ಎಲೆ ಮಾತ್ರ ಬಿಡಿಸಿ, ದಂಟನ್ನೂ ನಡುನರವನ್ನೂ ತೆಗೆದು, ಬೇಯಿಸಿ ಅರೆಯುತ್ತೇನೆ. ಪಾಲಕ್, ಹರಿವೆಯಲ್ಲಿ ಆಕ್ಸಲೇಟ್ ಹೆಚ್ಚು. ಇದು ಸಾಮಾನ್ಯವಾಗಿ ಕರುಳಿನಲ್ಲಿ ಕ್ಯಾಲ್ಸಿಯಂಗೆ ಅಂಟಿಕೊಂಡು ಮಲದಲ್ಲಿ ಹೋಗುವ ಅಂಶ. ಸಣ್ಣ ಕರುಳಿನ ತುದಿ ಕತ್ತರಿಸಿದವರಲ್ಲಿ ಕೊಬ್ಬು ಸರಿಯಾಗಿ ಹೀರದೆ ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತದೆ, ಆಗ ಬಿಡಿಯಾಗಿ ಉಳಿದ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ. ಅಂಥವರು ಈ ಸೊಪ್ಪುಗಳನ್ನು ಅಪರೂಪಕ್ಕೆ ತಿನ್ನಬೇಕು, ಬೇಯಿಸಿದ ನೀರು ಚೆಲ್ಲಬೇಕು, ಅದೇ ಊಟದಲ್ಲಿ ಮೊಸರು ಇರಬೇಕು. ಮೆಂತ್ಯ ಸೊಪ್ಪು ಅವರಿಗೆ ಇವೆರಡಕ್ಕಿಂತ ಮೇಲು.

ಸೋರೆ, ಸೀಮೆಬದನೆ, ಸಿಹಿಗುಂಬಳ, ಬೂದುಗುಂಬಳ, ಆಲೂಗಡ್ಡೆ, ಕ್ಯಾರೆಟ್ ಸಿಪ್ಪೆ ಬೀಜ ತೆಗೆದರೆ ವರ್ಷಪೂರ್ತಿ ನಡೆಯುತ್ತವೆ. ಹೀರೆಕಾಯಿ ಎಳೆಯದಾದರೆ ಮಾತ್ರ. ಟೊಮೇಟೊವನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ಸಿಪ್ಪೆ ಸುಲಿದು, ಕಿವುಚಿ ಸೋಸಿದರೆ ಸಾರಿಗೆ ತೊಂದರೆಯಿಲ್ಲ.

ಖಾರ, ಬೆಳ್ಳುಳ್ಳಿ, ಹಾಲು, ಕಾಫಿ

ಖಾರ ಕರುಳಿನ ಉರಿಯೂತ ತರುತ್ತದೆ ಅನ್ನುವುದು ನಿಜವಲ್ಲ. ಉರಿಯೂತ ಇರುವಾಗ ನೋವು, ಉರಿ, ಅವಸರವನ್ನು ಹೆಚ್ಚಿಸುತ್ತದೆ, ಅಷ್ಟೇ. ನಮ್ಮ ಸಾರಿನ ಪುಡಿಯಲ್ಲಿ ಬಣ್ಣಕ್ಕೆ ಬೀಜ ಉದುರಿಸಿದ ಬ್ಯಾಡಗಿ ಮೆಣಸಿನಕಾಯಿ, ರುಚಿಗೆ ಕೊತ್ತಂಬರಿ, ಜೀರಿಗೆ, ತುಸು ಕಾಳುಮೆಣಸು. ಗುಂಟೂರು ಹಾಕುವುದಿಲ್ಲ.

ಬೆಳ್ಳುಳ್ಳಿ, ಈರುಳ್ಳಿಯಲ್ಲಿರುವ ಫ್ರುಕ್ಟಾನ್ ಅನ್ನುವ ಸಕ್ಕರೆ ಸರಪಳಿ ಹಲವರಿಗೆ ಹೊಟ್ಟೆ ಉಬ್ಬಿಸುತ್ತದೆ. ಅದು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಇದನ್ನು ತಿಳಿದರೆ ಒಗ್ಗರಣೆಯಲ್ಲೇ ದಾರಿ ಇದೆ. ಎರಡು ಚಮಚ ತುಪ್ಪದಲ್ಲಿ ಜಜ್ಜಿದ ಮೂರ್ನಾಲ್ಕು ಎಸಳನ್ನು ಸಣ್ಣ ಉರಿಯಲ್ಲಿ ತಿಳಿ ಕಂದು ಬರುವವರೆಗೆ ಬಾಡಿಸಿ, ಎಸಳುಗಳನ್ನು ತೆಗೆದು ಆ ತುಪ್ಪವನ್ನು ಸಾರಿಗೆ ಸುರಿಯಿರಿ. ಪರಿಮಳ ಪೂರ್ತಿ ಬರುತ್ತದೆ. ಎಸಳನ್ನು ಕುದಿಯುವ ಸಾರಿಗೇ ಹಾಕಿ ಆಮೇಲೆ ತೆಗೆದರೆ ಉಪಯೋಗವಿಲ್ಲ, ಅಷ್ಟರಲ್ಲಿ ಫ್ರುಕ್ಟಾನ್ ನೀರಿಗೆ ಇಳಿದಿರುತ್ತದೆ.

ಹಾಲನ್ನು ಪರೀಕ್ಷೆ ಮಾಡದೆ ಬಿಡಬೇಡಿ. 200 ಮಿಲಿ ಹಾಲಿನಲ್ಲಿ 9–10 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಲ್ಯಾಕ್ಟೋಸ್ ಅರಗದವರಲ್ಲೂ ಬಹುತೇಕರು ಒಂದು ಹೊತ್ತಿಗೆ ಸುಮಾರು 12 ಗ್ರಾಂ ತಡೆದುಕೊಳ್ಳುತ್ತಾರೆ. ಹೊಟ್ಟೆ ಶಾಂತವಾಗಿರುವಾಗ ಒಂದು ವಾರ ಹಾಲು ನಿಲ್ಲಿಸಿ, ನಂತರ ಊಟದ ಜೊತೆ 100 ಮಿಲಿ ಕುಡಿದು ನೋಡಿ. ಮೊಸರಿನಲ್ಲಿ ಲ್ಯಾಕ್ಟೋಸ್ ಕಡಿಮೆ, ಉಳಿದದ್ದನ್ನು ಅರಗಿಸಲು ಅದರ ಬ್ಯಾಕ್ಟೀರಿಯಾಗಳೇ ನೆರವಾಗುತ್ತವೆ. ಕಾಫಿ ದೊಡ್ಡ ಕರುಳನ್ನು ಚುರುಕು ಮಾಡುತ್ತದೆ. ಖಾಲಿ ಹೊಟ್ಟೆಗೆ ಬೇಡ, ಇಡ್ಲಿ ತಿಂದ ಮೇಲೆ ತೆಳು ಡಿಕಾಕ್ಷನ್ನಿನ ಒಂದು ಲೋಟ ಆಗಬಹುದು.

ಪ್ರೋಟೀನ್ ಲೆಕ್ಕ

ಕಾಯಿಲೆ ಕೆರಳಿದಾಗ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ, ಶಾಂತವಾಗಿದ್ದಾಗ ಸುಮಾರು 1 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ಇರುವವರಿಗೆ ಕೆಟ್ಟ ದಿನಗಳಲ್ಲಿ 66ರಿಂದ 82 ಗ್ರಾಂ. ಎರಡು ಮೊಟ್ಟೆ 12, ಎರಡು ಹೊತ್ತಿನ ತೊವ್ವೆ 14, 300 ಗ್ರಾಂ ಮೊಸರು 9, ಇಡ್ಲಿ ಅನ್ನದಿಂದ 18. ಇಷ್ಟಾದರೂ 53. ಉಳಿದದ್ದಕ್ಕೆ 100 ಗ್ರಾಂ ಮೀನು ಅಥವಾ ಪನೀರ್ ಬೇಕೇ ಬೇಕು. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಒಳ್ಳೆಯ ಆಯ್ಕೆ, ಒಮೆಗಾ 3 ಕೊಬ್ಬೂ ಸಿಗುತ್ತದೆ. ಹುರಿಯದೆ ತೆಂಗಿನ ಹಾಲಿನ ತೆಳು ಸಾರಿನಲ್ಲಿ ಬೇಯಿಸಿ. ಹಸಿವಿಲ್ಲದಾಗ ಮೂರು ಊಟವನ್ನು ಆರಾಗಿ ಒಡೆಯುವುದೇ ದಾರಿ.

ಭೇದಿ ಹೆಚ್ಚಾದಾಗ ಬರೀ ನೀರು, ಎಳನೀರು ಸಾಲದು. ಎಳನೀರಿನಲ್ಲಿ ಪೊಟ್ಯಾಷಿಯಂ ಇದೆ, ಸೋಡಿಯಂ ಕಡಿಮೆ. ಅಂಗಡಿಯ ಓಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಕ್ಕರೆ ಹೆಚ್ಚು ಹಾಕಿದರೆ ಅದು ಕರುಳಿಗೆ ನೀರೆಳೆದು ಭೇದಿಯನ್ನು ಇನ್ನೂ ಹೆಚ್ಚಿಸುತ್ತದೆ.

ಹೊಸದನ್ನು ಸೇರಿಸುವುದು

ಒಂದು ಸಲಕ್ಕೆ ಒಂದೇ ಪದಾರ್ಥ, ಎರಡು ಚಮಚ, ಮೂರು ದಿನ. ಮೊದಲ ದಿನ ಏನೂ ಆಗದಿದ್ದರೆ ಎರಡನೆಯ ದಿನ ಎರಡರಷ್ಟು. ಏನು ತಿಂದೆ, ಎಷ್ಟು, ಯಾವ ರೂಪದಲ್ಲಿ, ಎಷ್ಟು ಸಲ ಹೊರಗೆ ಹೋದೆ, ನೋವು ಎಲ್ಲಿ ಎಂದು ಬರೆದಿಡಿ. "ರೂಪ" ಅನ್ನುವ ಕಾಲಂ ಬಿಟ್ಟರೆ ಪುಸ್ತಕ ದಂಡ: ಸಿಪ್ಪೆ ಸಮೇತ ಸೇಬು ಮತ್ತು ಬೇಯಿಸಿದ ಸೇಬು ಎರಡೂ "ಸೇಬು" ಆಗಿಬಿಡುತ್ತವೆ. ಸ್ಟಿರಾಯ್ಡ್ ಇಳಿಸುವ ವಾರದಲ್ಲಿ, ಮದುವೆ ಓಡಾಟದಲ್ಲಿ ಪರೀಕ್ಷೆ ಬೇಡ. ಯಾವುದರಿಂದ ಏನಾಯಿತು ತಿಳಿಯುವುದಿಲ್ಲ.

ಮಲದಲ್ಲಿ ರಕ್ತ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಬಂದರೆ ಅದು ನಿನ್ನೆಯ ಸಾಂಬಾರಿನ ತಪ್ಪು ಅಂದುಕೊಳ್ಳಬೇಡಿ. ವೈದ್ಯರನ್ನು ಕಂಡು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಬೇಕೇ ಎಂದು ಕೇಳಿ. ಕರುಳಿನಲ್ಲಿ ಉರಿಯೂತ ಇದೆಯೇ ಅನ್ನುವ ಸುಳಿವು ಅದರಲ್ಲಿ ಸಿಗುತ್ತದೆ. ಮಂಡಿನೋವಿಗೆ ನುಂಗಿದ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೂಡ ಕಾಯಿಲೆ ಕೆರಳಿಸಬಹುದು, ಬೈಗುಳ ಮಾತ್ರ ಊಟಕ್ಕೆ ಬೀಳುತ್ತದೆ.

ಪೊಟ್ಟಣದ ತಿಂಡಿಗಳಲ್ಲಿ ನಾನು ಹುಡುಕುವುದು ಮೂರು ಸಂಖ್ಯೆ: 407, 433, 466. ಕ್ಯಾರಗೀನನ್, ಪಾಲಿಸಾರ್ಬೇಟ್ 80, ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ತಿಂಡಿ ಮಂದವಾಗಿ, ಬೇರ್ಪಡದೆ ಇರಲಿ ಅಂತ ಇವನ್ನು ಸೇರಿಸುತ್ತಾರೆ. ಐಸ್‌ಕ್ರೀಮಿನಲ್ಲಿ ಸಾಮಾನ್ಯ. ಕರುಳಿನ ಲೋಳೆಪದರಕ್ಕೆ ಹಾನಿ ಅನ್ನುವ ಪುರಾವೆ ಹೆಚ್ಚಾಗಿ ಪ್ರಾಣಿಗಳ ಮೇಲಿನ ಪ್ರಯೋಗಗಳದ್ದು, ಆದರೂ ಬಿಟ್ಟರೆ ನಷ್ಟವಿಲ್ಲದ ಪದಾರ್ಥಗಳಿವು. ಆಸ್ಪತ್ರೆಯಲ್ಲಿ ಕೊಡುವ ಪೌಷ್ಟಿಕ ಪುಡಿಯಲ್ಲಿ ಇಂಥದೇ ಸಂಶಯ ಇರುವ ಮಾಲ್ಟೊಡೆಕ್ಸ್ಟ್ರಿನ್ (ಪಿಷ್ಟದಿಂದ ಮಾಡಿದ ಪದಾರ್ಥ) ಕಂಡು ಅದನ್ನು ನಿಲ್ಲಿಸಬೇಡಿ. ಕ್ರೋನ್ಸ್ ಇರುವ ಮಕ್ಕಳಿಗೆ 6–8 ವಾರ ಬರೀ ಅಂಥ ದ್ರವಾಹಾರ ಕೊಟ್ಟೇ ಕಾಯಿಲೆ ತಗ್ಗಿಸುತ್ತಾರೆ.

ಮದುವೆ ಊಟದ ಎಲೆಯಲ್ಲಿ ಕೋಸಂಬರಿ, ಉಪ್ಪಿನಕಾಯಿ, ಹಸಿ ಸಲಾಡ್ ಮುಟ್ಟುವುದಿಲ್ಲ. ಅನ್ನ, ತೊವ್ವೆ, ತುಪ್ಪ ಮೊದಲ ಸುತ್ತಿನಲ್ಲೇ ಬರುತ್ತವೆ, ಅಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಕು. ಸಾರಿನಲ್ಲಿ ಮೇಲಿನ ತಿಳಿ, ಹುಳಿಯಲ್ಲಿ ಕುಂಬಳದ ಹೋಳು, ಶಾವಿಗೆ ಪಾಯಸ ಅರ್ಧ ಸೌಟು, ಕೊನೆಗೆ ಮೊಸರನ್ನ. ಒಬ್ಬಟ್ಟಿನ ಹೂರಣ ತೊಗರಿಬೇಳೆಯದಾದರೆ ಅರ್ಧ ತಿನ್ನಬಹುದು. ಸಂಕ್ರಾಂತಿಯ ಎಳ್ಳು ಬೆಲ್ಲದಲ್ಲಿ ನನಗೆ ಬೆಲ್ಲದ ಅಚ್ಚು ಮಾತ್ರ: ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಮೂರೂ ಕಿರಿದಾದ ಕರುಳಿಗೆ ಆಗದವು.

ಅಜಾಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್‌ನಂಥ ಔಷಧಿಗಳಲ್ಲಿ ರೋಗನಿರೋಧಕ ಶಕ್ತಿ ತಗ್ಗಿರುತ್ತದೆ. ಪಾನಿಪುರಿ, ಬೀದಿಯ ಕತ್ತರಿಸಿದ ಹಣ್ಣು, ಕಾಯಿಸದ ಹಾಲು, ಅರೆಬೆಂದ ಮೊಟ್ಟೆ, ಹೊರಗಿಟ್ಟ ತಂಗಳನ್ನ ಬೇಡ. ಟ್ಯಾಕ್ರೊಲಿಮಸ್ ಅಥವಾ ಟೋಫಾಸಿಟಿನಿಬ್ ತೆಗೆದುಕೊಳ್ಳುವವರು ಚಕ್ಕೋತ ತಿನ್ನುವ ಮೊದಲು ವೈದ್ಯರನ್ನು ಕೇಳಿ. ಅದು ಗ್ರೇಪ್‌ಫ್ರೂಟ್‌ನ ಬಂಧು, ದೇಹ ಔಷಧಿಯನ್ನು ಒಡೆದು ಹೊರಹಾಕುವ ವೇಗ ತಗ್ಗಿಸಿ ರಕ್ತದಲ್ಲಿ ಅದರ ಮಟ್ಟ ಏರಿಸಬಹುದು. ತಪಾಸಣೆಗೆ ಹೋದಾಗ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ವಿಟಮಿನ್ ಡಿ ಕೇಳಿ ಮಾಡಿಸಿಕೊಳ್ಳಿ. ಬಿ12 ಹೀರುವುದು ಸಣ್ಣ ಕರುಳಿನ ತುದಿಯಲ್ಲೇ, ಅಲ್ಲಿ 20 ಸೆಂಟಿಮೀಟರಿಗಿಂತ ಹೆಚ್ಚು ಕತ್ತರಿಸಿದ್ದರೆ ಎಷ್ಟು ಮೊಸರು ಮೀನು ತಿಂದರೂ ಸಾಕಾಗದಿರಬಹುದು, ಇಂಜೆಕ್ಷನ್ ಬೇಕಾಗುತ್ತದೆ. ಉರಿಯೂತ ಇರುವಾಗ ಫೆರಿಟಿನ್ 100ರ ಒಳಗಿದ್ದರೂ ಕಬ್ಬಿಣದ ಕೊರತೆ ಇರಬಹುದು. ವರದಿಯಲ್ಲಿ "ನಾರ್ಮಲ್" ಅಂತ ಬಂದಿದ್ದರೂ ವೈದ್ಯರಿಗೆ ತೋರಿಸಿ ಕೇಳಿ.