ಪಡುಗಾಳಿಗೆ ತಕ್ಕ ಗಾಲಿ: ರೋಡ್ ಬೈಕಿಗೆ ಏರೋ ವೀಲ್ ಆರಿಸಿದ ಬಗೆ

ಏರೋ ವೀಲ್ ಅಂದರೆ ಗಾಳಿಯ ಎಳೆತ ಕಡಿಮೆ ಮಾಡಲು ರಿಮ್ಮನ್ನು ಆಳವಾಗಿ, ಅಂದರೆ ಟಯರಿನ ಕಡೆಯಿಂದ ಹಬ್ಬಿನ ಕಡೆಗೆ ಎತ್ತರವಾಗಿ, ಮಾಡಿದ ಗಾಲಿ. ಮೊದಲು ಆಯ್ಕೆ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಮುಂದಿನ ಗಾಲಿಗೆ 40 ಮಿ.ಮೀ. ಆಳದ ಕಾರ್ಬನ್ ರಿಮ್, ಹಿಂದಿನದಕ್ಕೆ 50. ಎರಡಕ್ಕೂ ಒಳ ಅಗಲ 22, ಹೊರ ಅಗಲ 30 ಮಿ.ಮೀ. ಡಿಸ್ಕ್ ಬ್ರೇಕ್, ಹುಕ್ (ಟಯರಿನ ಅಂಚನ್ನು ಕಚ್ಚಿ ಹಿಡಿಯುವ ಒಳಬಾಗು) ಇರುವ ರಿಮ್, 28ರ ಟ್ಯೂಬ್‌ಲೆಸ್ ಟಯರ್, ಗಾಲಿಗೆ 24 ಚಪ್ಪಟೆ ಕಡ್ಡಿ (ಸ್ಪೋಕ್), ಹೊರಗೆ ಕಾಣುವ ಹಿತ್ತಾಳೆ ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ತಿರುಪು). ಜೋಡಿಯ ತೂಕ ಒಂದೂವರೆ ಕಿಲೋ ಚಿಲ್ಲರೆ. ಕಾರವಾರ–ಅಂಕೋಲಾ–ಕುಮಟಾ–ಹೊನ್ನಾವರದ ಹೆದ್ದಾರಿ, ನಡುನಡುವೆ ಶಿರಸಿ ಘಟ್ಟ, ಇವಿಷ್ಟನ್ನೇ ಮನಸ್ಸಿನಲ್ಲಿಟ್ಟು ಮಾಡಿದ ಲೆಕ್ಕ ಇದು. ಬಯಲುಸೀಮೆಯಲ್ಲಿ ಓಡಿಸುವವರಿಗೆ ಬೇರೆ ಉತ್ತರ ಬಂದೀತು.

ಇಷ್ಟು ವ್ಯಾಟ್ ಉಳಿತಾಯ ಎನ್ನುವ ಕ್ಯಾಟಲಾಗಿನ ಲೆಕ್ಕವನ್ನು ನಾನು ಬದಿಗಿಟ್ಟದ್ದು ಯಾಕೆಂದರೆ, ಆ ಅಂಕಿಗಳು ಸಾಮಾನ್ಯವಾಗಿ ಗಂಟೆಗೆ 45 ಕಿ.ಮೀ. ಆಸುಪಾಸಿನ ವೇಗದವು. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 45ರಲ್ಲಿ 12 ವ್ಯಾಟ್ ಉಳಿಸುವ ಗಾಲಿ 30 ಕಿ.ಮೀ. ವೇಗದಲ್ಲಿ ಉಳಿಸುವುದು ಮೂರೂವರೆ ವ್ಯಾಟ್ ಅಷ್ಟೇ. ಟಯರ್ ಬದಲಿಸಿದರೂ, ಮೊಣಕೈ ಸ್ವಲ್ಪ ಮಡಚಿ ಕೂತರೂ ಅಷ್ಟು ಸಿಗುತ್ತದೆ. ಹಾಗೆಂದು ಏರೋ ಗಾಲಿ ದಂಡ ಎನ್ನುತ್ತಿಲ್ಲ. 34–36ರಲ್ಲಿ ಗುಂಪಿನ ಜೊತೆ ಹೋಗುವಾಗ ವ್ಯತ್ಯಾಸ ಕಾಲಿಗೆ ತಿಳಿಯುತ್ತದೆ. ಆದರೆ 50 ಮಿ.ಮೀ. ಆಳದ ರಿಮ್ಮಿಗೂ 65ರದ್ದಕ್ಕೂ ನಡುವಿನ ಒಂದೆರಡು ವ್ಯಾಟಿಗಾಗಿ ಹ್ಯಾಂಡಲ್ ಹಿಡಿತ ಬಿಟ್ಟುಕೊಡುವುದು ನಮ್ಮ ಕರಾವಳಿಯಲ್ಲಿ ನಷ್ಟದ ವ್ಯಾಪಾರ.

ಹೆದ್ದಾರಿ 66 ನಮ್ಮಲ್ಲಿ ಹೆಚ್ಚುಕಡಿಮೆ ಕಡಲಿನ ಗುಂಟ ಹೋಗುತ್ತದೆ. ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಪಶ್ಚಿಮ–ವಾಯುವ್ಯದಿಂದ ಗಾಳಿ ಎದ್ದರೆ ಸಂಜೆವರೆಗೂ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಅದು ನೈಋತ್ಯದ ಕಡೆ ತಿರುಗುತ್ತದೆ. ಎರಡೂ ಹೊತ್ತಿನಲ್ಲಿ ಸವಾರನಿಗೆ ಸಿಗುವುದು ಅಡ್ಡಗಾಳಿ. 30ರಲ್ಲಿ ಹೋಗುವವನಿಗೆ ನೇರ ಪಕ್ಕದಿಂದ 15 ಕಿ.ಮೀ. ವೇಗದ ಗಾಳಿ ಬಂದರೆ, ಗಾಲಿಗೆ ಅದು ಸುಮಾರು 27 ಡಿಗ್ರಿ ಓರೆಯಲ್ಲಿ ತಾಗುತ್ತದೆ. ಅದೇ ಗಾಳಿ 45ರಲ್ಲಿ ಹೋಗುವವನಿಗೆ ತಾಗುವುದು 18 ಡಿಗ್ರಿಯಲ್ಲಿ. ನಿಧಾನ ಹೋಗುವವನಿಗೇ ಓರೆ ಹೆಚ್ಚು, ತೊಂದರೆಯೂ ಹೆಚ್ಚು. ನೆಲದ ಹತ್ತಿರ ಗಾಳಿ ಸ್ವಲ್ಪ ಮಂದ ಇರುವುದರಿಂದ ನಿಜವಾದ ಓರೆ ಇದಕ್ಕಿಂತ ಕಡಿಮೆ. ಆದರೂ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಸೇತುವೆಗಳ ಮೇಲೆ ತಡೆಯುವ ಮರ ಇಲ್ಲ, ಗುಡ್ಡ ಇಲ್ಲ.

ಓರೆ ಒಂದು ಮಟ್ಟದವರೆಗೆ ಇದ್ದಾಗ ಗಾಳಿ ರಿಮ್ಮಿನ ಮೈಗೆ ಅಂಟಿಕೊಂಡೇ ಹರಿಯುತ್ತದೆ, ಎಳೆತ ಕಡಿಮೆಯಾಗುತ್ತದೆ. ಮಟ್ಟ ದಾಟಿತೋ, ಪಕ್ಕನೆ ಬಿಟ್ಟುಕೊಳ್ಳುತ್ತದೆ. ಎಳೆತ ಏರುವುದು ಹಾಗಿರಲಿ, ಪಕ್ಕಕ್ಕೆ ತಳ್ಳುವ ಬಲ ಒಮ್ಮೆಲೇ ಬದಲಾಗಿ ಹ್ಯಾಂಡಲ್ ಜರ್ಕ್ ಹೊಡೆಯುತ್ತದೆ. ಒಂದೇ ಸಮ ಬೀಸುವ ಗಾಳಿಗೆ ಮೈ ವಾಲಿಸಿ ಹೊಂದಿಕೊಳ್ಳಬಹುದು. ಕಾಟ ಕೊಡುವುದು ಈ ಜರ್ಕ್. ಮೊನೆ ಚೂಪಾಗಿರುವ ಹಳೆಯ ವಿ ಆಕಾರದ ರಿಮ್ಮಿನಲ್ಲಿ ಇದು ಬೇಗ ಆಗುತ್ತದೆ. ಅಗಲವಾಗಿ, ಒಳಮೊನೆ ಉರುಟಾಗಿರುವ ಯು ಆಕಾರದಲ್ಲಿ ತಡವಾಗಿ ಮತ್ತು ಮೆತ್ತಗೆ ಆಗುತ್ತದೆ. ಅಗ್ಗಕ್ಕೆ ಸಿಗುವ ಸೆಕೆಂಡ್‌ಹ್ಯಾಂಡ್ 60 ಮಿ.ಮೀ. ವಿ ರಿಮ್ ನೋಡಿ ಆಸೆಪಡುವವರು ಮೊದಲು ಅದರ ಹೊರ ಅಗಲ ಅಳೆಯಲಿ. 23–24 ಬಂದರೆ ಅಲ್ಲೇ ಬಿಟ್ಟು ಬನ್ನಿ.

ಜರ್ಕ್ ಮುಖ್ಯವಾಗಿ ಮುಂದಿನ ಗಾಲಿಯದ್ದು. ಅದು ಫೋರ್ಕಿನ ಮೇಲೆ ತಿರುಗುವಂಥದ್ದು. ಗಾಳಿಯ ಬಲ ತಿರುಗುವ ಅಕ್ಷದ ಮುಂದೆ ಬಿದ್ದರೆ ಹ್ಯಾಂಡಲ್ ತಾನೇ ತಿರುಗಲು ನೋಡುತ್ತದೆ. ಹಿಂದಿನ ಗಾಲಿ ಫ್ರೇಮಿಗೆ ಕೂತಿರುವುದರಿಂದ ಇಡೀ ಬೈಕನ್ನು ತಳ್ಳುತ್ತದೆ, ತಿರುಗಿಸುವುದಿಲ್ಲ. ಆದ್ದರಿಂದ ಮೊದಲು ಮುಂದಿನ ಆಳ ನಿಶ್ಚಯಿಸಿಕೊಳ್ಳಬೇಕು, ಹಿಂದಿನದಕ್ಕೆ ಅದಕ್ಕಿಂತ 10–15 ಮಿ.ಮೀ. ಹೆಚ್ಚು ಹಾಕಬಹುದು. ಅದಕ್ಕೂ ಹೆಚ್ಚು ಬೇಡ ಅನ್ನಲು ಕಾರಣವಿದೆ: ಹಿಂದಿನ ಗಾಲಿ ಓಡುವುದು ಕಾಲು ಮತ್ತು ಸೀಟ್ ಟ್ಯೂಬ್ ಕದಡಿದ ಗಾಳಿಯಲ್ಲಿ, ಅದರಿಂದ ಸಿಗುವ ಲಾಭ ಹೇಗೂ ಕಡಿಮೆ. 80ರ ಹಿಂಗಾಲಿ ಫೋಟೋಕ್ಕೆ ಚಂದ. ಹಗುರ ಮೈಯವರು, 60 ಕಿಲೋ ಒಳಗಿನವರು, ಮುಂದೆ 35 ಇಟ್ಟುಕೊಂಡರೂ ಸರಿಯೇ.

ಲಾರಿ ದಾಟುವಾಗಿನ ವರ್ತನೆ ಹೋಗುವ ದಿಕ್ಕಿನ ಮೇಲೆ ನಿಂತಿದೆ. ಕಾರವಾರದಿಂದ ದಕ್ಷಿಣಕ್ಕೆ ಹೋಗುವಾಗ ಕಡಲು ಬಲಕ್ಕೆ. ಮೈ ಬಲಕ್ಕೆ ವಾಲಿಸಿ ಗಾಳಿಗೆ ಆನಿಸಿಕೊಂಡಿರುತ್ತೀರಿ. ಬಲಗಡೆಯಿಂದ ಕಂಟೇನರ್ ಲಾರಿ ದಾಟಿದಾಗ ಗಾಳಿ ಥಟ್ಟನೆ ನಿಂತು, ಆ ವಾಲು ಬೈಕನ್ನು ಲಾರಿಯ ಕಡೆಗೇ ಒಯ್ಯುತ್ತದೆ. ಲಾರಿಯ ಬಾಲ ದಾಟಿದ ಕೂಡಲೇ ಗಾಳಿ ಮತ್ತೆ ಹೊಡೆದು ಎಡಕ್ಕೆ, ಮಣ್ಣಿನ ಅಂಚಿಗೆ, ದೂಡುತ್ತದೆ. ಉತ್ತರಕ್ಕೆ ಬರುವಾಗ ಗಾಳಿ ಎಡದಿಂದ ಬಂದು ನೇರ ಲಾರಿಯ ಕಡೆ ನೂಕುತ್ತದೆ. ಮುಂದೆ 60 ಇದ್ದರೆ ಇದನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಭಾಯಿಸಬೇಕು. 40ರಲ್ಲಿ ಬೆರಳ ಹಿಡಿತ ಸಾಕು. ಆಳ ಆರಿಸುವಾಗ ನನಗೆ ಎಲ್ಲಕ್ಕಿಂತ ಭಾರವಾಗಿ ತೂಗಿದ್ದು ಇದೇ.

ಆಳಕ್ಕಿಂತ ಅಗಲಕ್ಕೆ ಹೆಚ್ಚು ಹೊತ್ತು ಕೊಡಿ. ಟಯರ್ ರಿಮ್ಮಿಗಿಂತ ಉಬ್ಬಿದ್ದರೆ, ಟಯರಿನಿಂದ ಜಾರಿದ ಗಾಳಿ ರಿಮ್ಮಿಗೆ ಮತ್ತೆ ಅಂಟಿಕೊಳ್ಳುವುದೇ ಇಲ್ಲ. ಆಗ ಆಳದ ರಿಮ್ ಬರೇ ಭಾರ. ಗಾಲಿ ತಯಾರಿಸುವ ಜಿಪ್ ಕಂಪನಿಯಲ್ಲಿ ಕೆಲಸ ಮಾಡಿದ ಜೋಶ್ ಪೋರ್ಟ್‌ನರ್ ಹೆಸರಿನಲ್ಲಿ ಓಡಾಡುವ ‘105ರ ಸೂತ್ರ’ ಇದಕ್ಕೇ ಇರುವುದು: ರಿಮ್ಮಿನ ಹೊರ ಅಗಲ ಟಯರಿನ ನಿಜವಾದ ಅಗಲದ ಶೇ. 105 ಆದರೂ ಇರಬೇಕು. ನಿಜವಾದ ಅಗಲ ಅಂದರೆ ಟಯರಿನ ಮೈಮೇಲೆ ಬರೆದದ್ದಲ್ಲ. ಹವಾ ತುಂಬಿ ಒಂದು ದಿನ ಬಿಟ್ಟು, ವರ್ನಿಯರ್ ಕ್ಯಾಲಿಪರಿನಲ್ಲಿ ಮೂರ್ನಾಲ್ಕು ಕಡೆ ಅಳೆಯಬೇಕು. ಒಳ ಅಗಲ ಹೆಚ್ಚಿದಷ್ಟೂ ಅದೇ ಟಯರ್ ಹರಡಿ ಕೂರುತ್ತದೆ. 22ರ ರಿಮ್ಮಿನಲ್ಲಿ 28ರ ಟಯರ್ 28.5 ಬಂತು ಎಂದಿಟ್ಟುಕೊಳ್ಳಿ. ಅದಕ್ಕೆ 29.9 ಮಿ.ಮೀ. ಹೊರ ಅಗಲ ಬೇಕು, 30ರ ರಿಮ್ ಕೂದಲೆಳೆಯಲ್ಲಿ ಪಾಸು. ಅದೇ ರಿಮ್ಮಿಗೆ 32 ಹಾಕಿದರೆ ಸೂತ್ರ ಮುರಿಯುತ್ತದೆ. ಮುಂದಿನ ಗಾಲಿಗೆ ಮಾತ್ರ ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ, ಹಿಂದೆ ಬೇಕಾದರೆ 30ರ ಟಯರ್ ಹಾಕಿಕೊಳ್ಳಿ.

ಹುಕ್ ಇಲ್ಲದ ರಿಮ್ ನಾನು ಬೇಡವೆಂದದ್ದಕ್ಕೆ ಎರಡು ಕಾರಣ. ಅದರಲ್ಲಿ ಗಾಳಿಯೊತ್ತಡ 5 ಬಾರ್, ಅಂದರೆ 72.5 ಪಿಎಸ್‌ಐ ದಾಟುವಂತಿಲ್ಲ. ಪೆಟ್ರೋಲ್ ಬಂಕಿನ ಗೇಜು ನಂಬಿ ಹವಾ ಹಾಕಿಸಿಕೊಳ್ಳುವ ಪ್ರಸಂಗ ಬಂದರೆ ಅಪಾಯ. ಎರಡನೆಯದು, ಗಾಲಿ ಕಂಪನಿ ಒಪ್ಪಿದ ಟಯರುಗಳನ್ನಷ್ಟೇ ಹಾಕಬೇಕು, ಅವು ಟ್ಯೂಬ್‌ಲೆಸ್ಸೇ ಆಗಿರಬೇಕು. ಕುಮಟೆಯಲ್ಲೋ ಶಿರಸಿಯಲ್ಲೋ ಟಯರ್ ಹರಿದರೆ ಸಿಕ್ಕ 700 ಸಿ ಟಯರಿಗೆ ಟ್ಯೂಬ್ ಹಾಕಿ ಮನೆ ಸೇರಬೇಕಾದವನಿಗೆ ಹುಕ್ ಇರುವ ರಿಮ್ಮೇ ಆಪದ್ಬಂಧು.

ಸವಾರ, ಬೈಕು, ನೀರು ಎಲ್ಲ ಸೇರಿ 82 ಕಿಲೋ ತೂಗಿದರೆ 28ರ ಟಯರಿಗೆ ಮುಂದೆ 62, ಹಿಂದೆ 66 ಪಿಎಸ್‌ಐ ಇಂದ ಶುರು ಮಾಡಬಹುದು. ಮಳೆಗಾಲ ಮುಗಿದು ಡಾಂಬರು ಕಿತ್ತ ರಸ್ತೆಯಲ್ಲಿ ಇನ್ನೂ 4–5 ಇಳಿಸಿ. ಹೆಚ್ಚು ಹವಾ ಹಾಕಿದರೆ ಓಟ ಹೆಚ್ಚುತ್ತದೆ ಎಂಬ ನಂಬಿಕೆ ಒರಟು ರಸ್ತೆಯಲ್ಲಿ ತಿರುಗುಬಾಣ. ಗಾಲಿ ಕುಣಿದಷ್ಟೂ ಮೈ ನಡುಗಿ ಶಕ್ತಿ ಪೋಲು. ಪಂಕ್ಚರ್ ತೂತು ಮುಚ್ಚುವ ದ್ರವ ಟಯರಿಗೆ 40 ಮಿ.ಲೀ. ಹಾಕಿ. ನಮ್ಮ ಸೆಖೆಗೆ ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ವಾಲ್ವ್ ಒಳಗಿನ ಕೋರ್ ಬಿಚ್ಚಿ ತೆಳು ಕೋಲೊಂದನ್ನು ಇಳಿಸಿ ದ್ರವ ಉಳಿದಿದೆಯೋ ನೋಡಬೇಕು.

ಘಟ್ಟದ ವಿಷಯಕ್ಕೆ ಬಂದರೆ, ಏರೋ ಗಾಲಿ ಭಾರ, ಏರಿಗೆ ಆಗದು ಅನ್ನುವ ಮಾತನ್ನು ಲೆಕ್ಕ ಹಾಕಿಯೇ ನೋಡಬಹುದು. ಶಿರಸಿ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 600 ಮೀಟರ್ ಎತ್ತರ. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಹೋಗುವವನ ಗಾಲಿ 400 ಗ್ರಾಂ ಹೆಚ್ಚು ಭಾರ ಇದ್ದರೆ, 200 ವ್ಯಾಟ್ ತುಳಿಯುವವನಿಗೆ ಅಷ್ಟು ಎತ್ತರಕ್ಕೆ ಆಗುವ ನಷ್ಟ ಸುಮಾರು 12 ಸೆಕೆಂಡ್. ಮಧ್ಯೆ ಒಂದು ಚಹಾಕ್ಕೆ ಅದಕ್ಕಿಂತ ಎಷ್ಟೋ ಪಟ್ಟು ಹೋಗುತ್ತದೆ.

ಇಳಿಜಾರಿನಲ್ಲಿ ಮಾತ್ರ ನಿಜವಾದ ಎಚ್ಚರ ಬೇಕು. ಹಳೆಯ ರಿಮ್ ಬ್ರೇಕ್ ಬೈಕಿಗೆ ಕಾರ್ಬನ್ ಗಾಲಿ ಹಾಕಿ ದೇವಿಮನೆ, ಅರಬೈಲ್ ಅಥವಾ ಅಣಶಿ ಘಟ್ಟ ಇಳಿಯುವುದು ಬೇಡ. 80 ಕಿಲೋ ಭಾರ 500 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 390 ಕಿಲೋಜೂಲ್. ಅದರ ಒಂದು ಪಾಲನ್ನು ಗಾಳಿ ತಿಂದರೂ, ತಿರುವು ತಿರುವಿಗೆ ಬ್ರೇಕ್ ಒತ್ತುತ್ತಾ ಇಳಿಯುವವನಲ್ಲಿ ಉಳಿದದ್ದೆಲ್ಲ ಶಾಖವಾಗಿ ರಿಮ್ಮಿಗೇ ಸೇರುತ್ತದೆ. ಅಲ್ಯೂಮಿನಿಯಂ ಆ ಶಾಖವನ್ನು ಹರಡಿ ಗಾಳಿಗೆ ಬಿಡುತ್ತದೆ, ಕಾರ್ಬನ್ ಒಂದೇ ಕಡೆ ಹಿಡಿದಿಟ್ಟುಕೊಳ್ಳುತ್ತದೆ. ಕಾರ್ಬನ್ ಎಳೆಗಳನ್ನು ಹಿಡಿದಿಡುವ ರೆಸಿನ್ ಮೆತ್ತಗಾದರೆ ರಿಮ್ಮಿನ ಅಂಚು ಉಬ್ಬಿ, ಟಯರ್ ಕಳಚಿಕೊಳ್ಳುವ ಹಂತಕ್ಕೂ ಹೋದೀತು. ಲೇಟೆಕ್ಸ್ ಟ್ಯೂಬ್ ಇದ್ದರೆ ಅದಕ್ಕೂ ಮುಂಚೆ ಸಿಡಿಯಬಹುದು. ಮೇಲಾಗಿ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಸುರಿಯುವ ಊರಲ್ಲಿ, ಒದ್ದೆ ಕಾರ್ಬನ್ ಮೇಲೆ ಬ್ರೇಕ್ ಹಿಡಿಯುವುದಕ್ಕೆ ಎಷ್ಟು ತಡವಾಗುತ್ತದೆ ಎಂಬುದು ಒಂದು ತಿರುವಿನಲ್ಲೇ ಗೊತ್ತಾಗುತ್ತದೆ. ರಿಮ್ ಬ್ರೇಕ್ ಇದ್ದವರು 30 ಮಿ.ಮೀ. ಆಳದ ಒಳ್ಳೆಯ ಅಲ್ಯೂಮಿನಿಯಂ ಗಾಲಿ ಕೊಂಡು, ಉಳಿದ ದುಡ್ಡಿಗೆ ಒಳ್ಳೆಯ ಟಯರ್ ಹಾಕಲಿ.

ನಮ್ಮಲ್ಲಿ ಗಾಲಿ ಕೆಡಿಸುವುದು ಉಪ್ಪು. ಕಾರ್ಬನ್ನಿಗೆ ಅಲ್ಯೂಮಿನಿಯಂ ತಾಗಿಕೊಂಡು ಅದರ ನಡುವೆ ಉಪ್ಪುನೀರು ಸೇರಿತೆಂದರೆ, ಬ್ಯಾಟರಿಯಲ್ಲಿ ಆಗುವ ಕ್ರಿಯೆಯೇ ಅಲ್ಲಿಯೂ ನಡೆದು ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಮೊದಲು ನಿಪ್ಪಲಿನ ಬುಡದಲ್ಲಿ ಬೆಳ್ಳಗೆ ಹಿಟ್ಟು ಕಾಣುತ್ತದೆ. ಆಮೇಲೆ ಕೀ ಹಾಕಿ ತಿರುಗಿಸಿದರೆ ಅಂಚು ಉದುರುತ್ತದೆ, ಕೊನೆಗೆ ಓಡುವಾಗಲೇ ತಲೆ ಹಾರಿ ಕಡ್ಡಿ ಸಡಿಲ. ಹಗುರ ಎಂದು ಕಂಪನಿಗಳು ಅಲ್ಯೂಮಿನಿಯಂ ನಿಪ್ಪಲ್ ಹಾಕುತ್ತವೆ. ಹಿತ್ತಾಳೆಗೆ ಹೋದರೆ 48 ಕಡ್ಡಿಯ ಜೋಡಿಗೆ ಹೆಚ್ಚಾಗುವ ತೂಕ 30–35 ಗ್ರಾಂ ಅಷ್ಟೇ. ಆರ್ಡರ್ ಕೊಡುವಾಗಲೇ ಹಿತ್ತಾಳೆ ಎಂದು ಬರೆಸಿ. ರಿಮ್ಮಿನ ಒಳಗೆ ಅಡಗಿರುವ ನಿಪ್ಪಲ್ ಬೇಡ. ಬೆಂಡ್ ತೆಗೆಯಬೇಕಾದರೆ ಟಯರ್ ಬಿಚ್ಚಿ, ರಿಮ್ಮಿನ ತೂತು ಮುಚ್ಚಿದ ಟೇಪ್ ಕಿತ್ತು, ದ್ರವ ಒರೆಸಿ, ಮತ್ತೆ ಎಲ್ಲ ಕೂರಿಸಬೇಕು. ಹೊರಗಿನ ನಿಪ್ಪಲ್ ಆದರೆ ಗೇರ್ ಸೈಕಲ್ ಮುಟ್ಟಿ ಗೊತ್ತಿರುವ ಯಾವ ಮೆಕ್ಯಾನಿಕ್ ಆದರೂ ಹತ್ತು ನಿಮಿಷದಲ್ಲಿ ಬೆಂಡ್ ತೆಗೆದುಕೊಡುತ್ತಾನೆ. ಚಪ್ಪಟೆ ಕಡ್ಡಿ ತಿರುಚದಂತೆ ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಲು ಮಾತ್ರ ಹೇಳಬೇಕು.

ಹಬ್ಬಿನಲ್ಲಿ ಬೇರಿಂಗ್ ನಂಬರ್ ನೋಡಿ. 6902 ತರಹದ ಮಾಮೂಲಿ ನಂಬರ್ ಆದರೆ, 15–28–7 ಮಿ.ಮೀ. ಅಳತೆಯ ಎರಡೂ ಬದಿ ರಬ್ಬರ್ ಸೀಲ್ ಇರುವ ಬೇರಿಂಗನ್ನು ಹುಬ್ಬಳ್ಳಿಯ ಬೇರಿಂಗ್ ಅಂಗಡಿಯಿಂದ ತರಿಸಬಹುದು. ಕಂಪನಿಯದ್ದೇ ಆದ ವಿಶೇಷ ಅಳತೆ ಆದರೆ ಕೊರಿಯರ್ ಕಾಯುತ್ತಾ ಕೂರಬೇಕು. ಸೆರಾಮಿಕ್ ಬೇರಿಂಗಿಗೆ ದುಡ್ಡು ಹಾಕಬೇಡಿ. ಗೋಲಿಗೆ ತುಕ್ಕಿಲ್ಲದಿದ್ದರೂ ಅದು ಓಡುವ ಉಕ್ಕಿನ ಬಳೆಗೆ ಇದ್ದೇ ಇದೆ. ಸವಾರಿ ಮುಗಿದ ಮೇಲೆ ಗಾಲಿಗೆ ಸಿಹಿನೀರು ಸುರಿದು ಒರೆಸಿ, ಪ್ರೆಶರ್ ಪಂಪು ಹಬ್ಬಿನ ಹತ್ತಿರ ತರಬೇಡಿ. ಹಿನ್ನೀರಿನ ದಂಡೆಯ ಊರುಗಳಲ್ಲಿ ಬೇಸಿಗೆಗೆ ಬಾವಿನೀರೇ ಸವಳಾಗುತ್ತದೆ, ಅದರಲ್ಲಿ ತೊಳೆದರೆ ತೊಳೆಯದಿದ್ದದ್ದೇ ಲೇಸು.

ಹಣ ಕಟ್ಟುವ ಮುಂಚೆ ಬೈಕಿನಲ್ಲಿ ನೋಡಬೇಕಾದ್ದು: ಆಕ್ಸಲ್ 12 ಮಿ.ಮೀ., ಮುಂದೆ 100, ಹಿಂದೆ 142 ಹೌದೋ. ಡಿಸ್ಕ್ ಒಂದೇ ರಿಂಗಿನಿಂದ ಬಿಗಿಯುವ ಸೆಂಟರ್‌ಲಾಕೋ ಆರು ಬೋಲ್ಟಿನದೋ. ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಗೊಂಚಲು) ಕೂರುವ ಹಬ್ಬಿನ ಬಾಡಿ ಯಾವುದು. ಶಿಮಾನೋದ ರೋಡ್ 12 ಸ್ಪೀಡ್ ಕ್ಯಾಸೆಟ್ ಹಳೆಯ 11 ಸ್ಪೀಡ್ ಎಚ್‌ಜಿ ಬಾಡಿಗೆ ಕೂರುತ್ತದೆ, ಸ್ರಾಮ್‌ನ 12 ಸ್ಪೀಡ್ ರೋಡ್ ಕ್ಯಾಸೆಟ್ಟಿಗೆ ಸಾಮಾನ್ಯವಾಗಿ ಎಕ್ಸ್‌ಡಿಆರ್ ಎಂಬ ಬಾಡಿ ಬೇಕು. ಟಯರ್ ಕೂತ ಮೇಲೆ ಫ್ರೇಮಿಗೂ ಅದಕ್ಕೂ ಎರಡೂ ಬದಿ 4 ಮಿ.ಮೀ. ಜಾಗ ಉಳಿಯಬೇಕು. ಅದಕ್ಕಿಂತ ಕಡಿಮೆ ಇದ್ದರೆ ಮಳೆಯಲ್ಲಿ ಚಿರೇಕಲ್ಲಿನ ಕೆಂಪು ಮಣ್ಣು ಸಿಕ್ಕಿಕೊಂಡು ಬಣ್ಣ ಕೆರೆಯುತ್ತದೆ. ಸವಾರನ ತೂಕದ ಮಿತಿಯನ್ನೂ ಓದಿ. 85 ಕಿಲೋ ಮೇಲಿನವರು ಮುಂದೆ 20 ಕಡ್ಡಿಯ ಗಾಲಿಗೆ ಹೋಗದಿದ್ದರೆ ಒಳ್ಳೆಯದು.

ಗಾಲಿ ಕೈಗೆ ಬಂದಾಗ ರಿಮ್ಮಿನ ಸುತ್ತ ನಾಣ್ಯದಿಂದ ತಟ್ಟುತ್ತಾ ಬನ್ನಿ. ಒಂದು ಕಡೆ ಮಾತ್ರ ಸದ್ದು ಮಂದವಾದರೆ ಪದರ ಬಿಟ್ಟಿರುವ ಸಂಶಯ, ಫೋಟೋ ತೆಗೆದು ವಾಪಸ್ ಕಳಿಸಿ. ಕಡ್ಡಿಗಳ ಬಿಗಿತ ಟೆನ್ಷನ್ ಮೀಟರಿನಲ್ಲಿ ನೋಡಿ. ಹಿಂದೆ ಚೈನಿನ ಬದಿ, ಮುಂದೆ ಡಿಸ್ಕ್ ಬದಿ 100–120 ಕೆಜಿಎಫ್ (ಕಿಲೋಗ್ರಾಂ ಬಲ) ಬರಬೇಕು, ಒಂದೇ ಬದಿಯ ಕಡ್ಡಿಗಳ ನಡುವೆ ದೊಡ್ಡ ಏರುಪೇರು ಇರಬಾರದು. ಸೆಂಟರ್‌ಲಾಕ್ ರಿಂಗನ್ನು 40 ನ್ಯೂಟನ್ ಮೀಟರಿಗೆ ಬಿಗಿಯಿರಿ. ರಿಮ್ ಟೇಪ್ ರಿಮ್ಮಿನ ಒಳ ಅಗಲಕ್ಕಿಂತ 2–4 ಮಿ.ಮೀ. ಹೆಚ್ಚಿರಲಿ, 22ಕ್ಕೆ 25ರದ್ದು ಸರಿ.

50ರ ರಿಮ್ಮಿಗೆ 70 ಮಿ.ಮೀ. ವಾಲ್ವ್ ಬೇಕು, ನಮ್ಮ ಪೇಟೆಗಳಲ್ಲಿ ಕೇಳಿದ ತಕ್ಷಣ ಸಿಗುವ ವಸ್ತು ಅದಲ್ಲ. ಟ್ಯೂಬ್‌ಲೆಸ್ ವಾಲ್ವ್ ಎರಡು, ಕೋರ್ ನಾಲ್ಕು, ಅಷ್ಟೇ ಉದ್ದದ ವಾಲ್ವ್ ಇರುವ ಟ್ಯೂಬ್ ಒಂದು ಗಾಲಿಯ ಜೊತೆಗೇ ತರಿಸಿಕೊಳ್ಳಿ. ಕಡ್ಡಿಯ ಉದ್ದ ಮುಂದೆ ಹಿಂದೆ, ಎಡ ಬಲ ಬೇರೆ ಬೇರೆ ಇರುತ್ತದೆ. ಪ್ರತಿ ಅಳತೆಯದ್ದು ಎರಡೆರಡು ತರಿಸಿ, ಯಾವುದು ಯಾವ ಬದಿಯದ್ದು ಎಂದು ಟೇಪಿನ ಮೇಲೆ ಬರೆದು ಅಂಟಿಸಿಡಿ.