ಮೋಟಾರ್ ಬದಲಿಸುವ ಮೊದಲು ವಯರ್ ನೋಡಿ

ಫೋರ್-ವೀಲ್ ಗಾಡಿಯ ಸ್ವಿಚ್ ತಿರುಗಿಸಿದರೂ 4ಎಚ್ (ನಾಲ್ಕೂ ಚಕ್ರದ ಎಳೆತ) ಹಿಡಿಯುವುದಿಲ್ಲ, ಡ್ಯಾಶಿನ ದೀಪ ಮಿಣುಕುತ್ತಲೇ ಇರುತ್ತದೆ. ಮಲ್ಪೆ, ಕಾಪು ಕಡೆಯ ಗಾಡಿಗಳು ಹೆಚ್ಚಾಗಿ ಈ ದೂರಿನೊಂದಿಗೇ ನನ್ನ ಶೆಡ್ಡಿಗೆ ಬರುತ್ತವೆ. ಎಳೆತವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೋಟಾರ್ ಹೋಯಿತೆಂದು ಹೊಸತು ತರಿಸಬೇಡಿ ಮಾರಾಯ್ರೆ. ನಮ್ಮ ಉಪ್ಪುಗಾಳಿಗೆ ಮೊದಲು ಸಾಯುವುದು ಕಪ್ಲರ್, ಅಂದರೆ ವಯರುಗಳನ್ನು ಜೋಡಿಸುವ ಪ್ಲಗ್.

ಫ್ಯೂಸ್, ಬ್ಯಾಟರಿ ನೋಡಿ. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಹತ್ತಿರ ಇರಬೇಕು. 4ಎಲ್ (ನಾಲ್ಕೂ ಚಕ್ರದ ನಿಧಾನ, ಹೆಚ್ಚು ಬಲದ ಗೇರ್) ಮಾತ್ರ ಬೀಳುತ್ತಿಲ್ಲವಾ? ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಕ್ಲಚ್ ಒತ್ತಿ ನೋಡಿ. ಎಷ್ಟೋ ಗಾಡಿಗಳಲ್ಲಿ ಅದಿಲ್ಲದೆ ಮಾಡ್ಯೂಲ್ (ಮೋಟಾರನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಒಪ್ಪುವುದೇ ಇಲ್ಲ.

ಚಕ್ರಕ್ಕೆ ಕಲ್ಲು ಕೊಟ್ಟು ಅಡಿಗೆ ಹೋಗಿ. ಮೋಟಾರಿನ ಕಪ್ಲರ್ ಬಿಚ್ಚಿ. ಪಿನ್ನಿನಲ್ಲಿ ಹಸಿರು ಕಿಲುಬು ಕಂಡರೆ ಅರ್ಧ ಉತ್ತರ ಸಿಕ್ಕಿತು. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಉಜ್ಜಿ, ಕಪ್ಲರನ್ನು ಮತ್ತೆ ಕೂರಿಸಿ. ಎರಡು ದಪ್ಪ ವಯರ್ ಮೋಟಾರಿನವು, ಸಣ್ಣವು ಗೇರ್ ಎಲ್ಲಿದೆ ಎಂದು ಹೇಳುವ ಸೆನ್ಸರಿನವು. ಕಪ್ಲರಿನ ಹಿಂಬದಿಯಿಂದ ಮೀಟರಿನ ಎರಡೂ ಕಡ್ಡಿ ದಪ್ಪ ವಯರುಗಳಿಗೆ ತಾಗಿಸಿ, ಒಳಗೆ ಕೂತವರಿಗೆ ಸ್ವಿಚ್ ತಿರುಗಿಸಲು ಹೇಳಿ. ಒಬ್ಬರೇ ಮಾಡಲು ಹೋದರೆ ಆಗದು; ವೋಲ್ಟ್ ಬರುವುದು ಒಂದೆರಡು ಸೆಕೆಂಡ್ ಅಷ್ಟೆ. 12ರ ಹತ್ತಿರ ಬಂದು, 2ಎಚ್‌ಗೆ (ಎರಡೇ ಚಕ್ರದ ಎಳೆತಕ್ಕೆ) ಮರಳುವಾಗ ಪ್ಲಸ್-ಮೈನಸ್ ಅದಲುಬದಲಾಗಬೇಕು. ಇಷ್ಟು ಬಂದೂ ಮೋಟಾರ್ ಅಲ್ಲಾಡದಿದ್ದರೆ ದೋಷ ಮೋಟಾರಿನಲ್ಲಿ, ಇಲ್ಲವೇ ಒಳಗಿನ ಶಾಫ್ಟ್ ಬಿಗಿದಿದೆ.

ವೋಲ್ಟ್ ಬರದಿದ್ದರೆ ವಯರ್ ಹುಡುಕಬೇಕು. ಇಲ್ಲಿ ಮೀಟರಿನ ಓಮ್ (ವಯರಿನ ತಡೆ) ನೋಡಿ ನಂಬಬೇಡಿ. ವಯರಿನೊಳಗೆ ಒಂದೇ ಎಳೆ ತಾಮ್ರ ಉಳಿದಿದ್ದರೂ ಮೀಟರ್ ಚೆನ್ನಾಗಿದೆ ಎನ್ನುತ್ತದೆ, ಮೋಟಾರ್ ಎಳೆಯುವಾಗ ಅದೇ ಎಳೆ ಕೈಕೊಡುತ್ತದೆ. ಹಾಗಾಗಿ ನಾನು 55 ವಾಟಿನ ಹೆಡ್‌ಲೈಟ್ ಬಲ್ಬ್ ಬಳಸುತ್ತೇನೆ. ಮಾಡ್ಯೂಲ್ ಕಡೆ, ಮೋಟಾರ್ ಕಡೆ ಎರಡೂ ಕಪ್ಲರ್ ಬಿಚ್ಚಿ, ದಪ್ಪ ವಯರಿನ ಒಂದು ತುದಿಗೆ ಫ್ಯೂಸ್ ಮೂಲಕ ಬ್ಯಾಟರಿ ಕೊಟ್ಟು, ಇನ್ನೊಂದು ತುದಿಗೆ ಬಲ್ಬ್ ಹಾಕಿ, ಬಲ್ಬಿನ ಮತ್ತೊಂದು ವಯರನ್ನು ಅರ್ಥ್ ಮಾಡಿ, ಅಂದರೆ ಬ್ಯಾಟರಿಯ ಮೈನಸ್‌ಗೆ ಕೊಡಿ. ಬಲ್ಬ್ ಮಂಕಾದರೆ ಆ ವಯರೇ ಕಳ್ಳ. ಸಣ್ಣ ವಯರುಗಳಿಗೆ ಈ ಆಟ ಬೇಡವೇ ಬೇಡ.

ಬಲ್ಬ್ ಜೋರಾಗಿ ಉರಿದರೆ ಮಾಡ್ಯೂಲಿನ ಅರ್ಥ್ ನೋಡಿ. ಕಪ್ಲರುಗಳನ್ನೆಲ್ಲ ಮತ್ತೆ ಹಾಕಿ, ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಕೆಂಪು ಕಡ್ಡಿ ಮಾಡ್ಯೂಲಿನ ಅರ್ಥ್ ವಯರಿಗೆ. ಸ್ವಿಚ್ ತಿರುಗಿಸುವಾಗ 0.2 ವೋಲ್ಟ್ ದಾಟಿದರೆ ಆ ಅರ್ಥ್ ವಯರನ್ನು ಗಾಡಿಯ ಬಾಡಿಗೆ ಬಿಗಿದ ಬೋಲ್ಟ್ ಬಿಚ್ಚಿ, ತುಕ್ಕು ಕೆರೆದು ಬಿಗಿಯಿರಿ.

ಪಿನ್ ಚುಚ್ಚಿ ವಯರ್ ಪರೀಕ್ಷೆ ಮಾಡುವವರಿದ್ದಾರೆ. ಆ ತೂತಿನಿಂದಲೇ ಮುಂದಿನ ಮಳೆಗಾಲದಲ್ಲಿ ನೀರು ಒಳಗೆ ಹೋಗುತ್ತದೆ. ಕಪ್ಲರ್ ಕೊನೆಯ ಸಲ ಮುಚ್ಚುವ ಮೊದಲು ಒಳಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹಾಯಿಸದ, ನೀರು ತಡೆಯುವ ಗ್ರೀಸ್) ಸವರಿ, ರಬ್ಬರ್ ಸೀಲ್ ಸರಿಯಾಗಿ ಕೂತಿದೆಯಾ ನೋಡಿ.