ಗ್ವಾದಲಿ ಕಚ್ಚಿ ಗಾಳಿ ಎಳೆಯುವ ಕುದುರೆ: ನಾನು ಮಾಡಿಕೊಂಡ ಏರ್ಪಾಡು

ಗಂಗಾವತಿ ಕಡೆ ಮೆರವಣಿಗೆಗೆಂದು ಸಾಕಿದ ಕುದುರೆಗಳಿಗೆ ಆಷಾಢದಲ್ಲಿ ಕೆಲಸವಿಲ್ಲ. ಅಗಾಡಿ-ಪಿಛಾಡಿ (ಮುಂದಿನ, ಹಿಂದಿನ ಹಗ್ಗ) ಬಿಗಿಸಿಕೊಂಡು ದಿನವಿಡೀ ಲಾಯದಲ್ಲೇ ನಿಂತಿರುತ್ತವೆ. ಚಟ ಜೋರಾಗುವುದು ಆಗಲೇ. ಮುಂದಿನ ಹಲ್ಲಿನಿಂದ ಗ್ವಾದಲಿಯ (ಮೇವು ಹಾಕುವ ತೊಟ್ಟಿಯ) ಅಂಚು ಹಿಡಿದು, ಕತ್ತು ಬಿಗಿಮಾಡಿ ಹಿಂದಕ್ಕೆ ಜಗ್ಗಿ, ‘ಗಕ್’ ಎಂದು ಗಾಳಿ ಎಳೆಯುತ್ತವೆ. ಮೇಲಿನ ಹಲ್ಲುಗಳ ಹೊರ ಅಂಚು ಓರೆಯಾಗಿ ಸವೆದಿದ್ದು, ಗಂಟಲ ಕೆಳಗಿನ ಮಾಂಸ ದಪ್ಪಗಾಗಿದ್ದರೆ ಚಟ ಹಳೆಯದು. ಕುದುರೆ ಕೊಳ್ಳುವಾಗಲೂ ಈ ಎರಡು ಜಾಗ ನೋಡಿಯೇ ಮುಂದಿನ ಮಾತು.

ಅಂಚಿಗೆ ಮೆಣಸಿನಪುಡಿ ಬಳಿ, ಕೊರಳಿಗೆ ಪಟ್ಟಿ ಬಿಗಿ ಎಂದು ಹೇಳುವವರು ಬೇಕಾದಷ್ಟು ಜನ. ಖಾರ ಹಚ್ಚಿದರೆ ಕುದುರೆ ಪಕ್ಕದ ಗೂಟ ಹಿಡಿಯುತ್ತದೆ. ಪಟ್ಟಿ ಕಟ್ಟಿದಾಗ ಸುಮ್ಮನಿದ್ದು, ಬಿಚ್ಚಿದ ಮೇಲೆ ಮೊದಲಿಗಿಂತ ಹೆಚ್ಚು ಕಚ್ಚುತ್ತದೆ. ಸುಟ್ಟ ಇಂಜಿನ್ ಆಯಿಲ್ ಬಳಿಯುವುದಂತೂ ಬೇಡವೇ ಬೇಡ, ನೆಕ್ಕಿದರೆ ಅದು ವಿಷ.

ಚಟದ ಒಂದು ಮೂಲ ಇರುವುದು ಹೊಟ್ಟೆಯಲ್ಲಿ. ಬಯಲಿಗೆ ಬಿಟ್ಟ ಕುದುರೆ ದಿನಕ್ಕೆ 14ರಿಂದ 16 ತಾಸು ಮೇಯುತ್ತದೆ. ಅದರ ಜಠರದಲ್ಲಿ ಹುಳಿ ಹಗಲು ರಾತ್ರಿ ಸುರಿಯುತ್ತಲೇ ಇರುತ್ತದೆ, ಆದರೆ ಅದನ್ನು ತಣಿಸುವ ಜೊಲ್ಲು ಅಗಿಯುವಾಗ ಮಾತ್ರ ಬರುತ್ತದೆ. ಸಂಜೆ 7ಕ್ಕೆ ಕಾಳು ಹಾಕಿ ಬಾಗಿಲೆಳೆದರೆ ಬೆಳಗಿನ 6ರವರೆಗೆ ಬಾಯಿಗೆ ಕೆಲಸವಿಲ್ಲ.

ಹಾಗಾಗಿ ನಾನು ಮೊದಲು ಬದಲಿಸಿದ್ದು ಮೇವನ್ನು. 300 ಕಿಲೋ ತೂಗುವ ಕುದುರೆಗೆ ದಿನಕ್ಕೆ 6 ಕಿಲೋ ಒಣಮೇವು: 3 ಕಿಲೋ ನೆಲ್ಲುಹುಲ್ಲು, 2 ಕಿಲೋ ಜೋಳದ ಸೊಪ್ಪೆ, 1 ಕಿಲೋ ಒಣಗಿಸಿದ ಕುದುರೆ ಮಸಾಲೆ (ಲೂಸರ್ನ್ ಸೊಪ್ಪು). ನಮ್ಮ ಕಾಲುವೆ ಕೆಳಗೆ ನೆಲ್ಲುಹುಲ್ಲು ಅಗ್ಗವೆಂದು ಅದೊಂದನ್ನೇ ಹಾಕುತ್ತಾರೆ. ಅದರಲ್ಲಿ ಸತ್ವ ಕಡಿಮೆ, ಮೇಲೆ ಬೂಸಾ ಸುರಿದರೆ ಸುಣ್ಣದಂಶದ ಲೆಕ್ಕವೂ ತಪ್ಪಿ ಎಲುಬು ಸೊರಗುತ್ತದೆ. ಕುದುರೆ ಮಸಾಲೆ ಆ ಕೊರತೆ ತುಂಬುತ್ತದೆ, ಹುಳಿಯನ್ನೂ ತಗ್ಗಿಸುತ್ತದೆ. ಹಸಿ ಜೋಳದ ಮೇವು ಮಾತ್ರ ಹಾಕುವುದಿಲ್ಲ. ಅದು ಕುದುರೆಗೆ ಮೂತ್ರಕೋಶದ ಬೇನೆ, ಹಿಂಗಾಲಿನ ತೂರಾಟ ತರಬಲ್ಲದು.

ಇಷ್ಟನ್ನೂ ಐದು ಪಾಲು ಮಾಡಿ, ದೊಡ್ಡ ಪಾಲನ್ನು ರಾತ್ರಿಗೆ ನೈಲಾನ್ ಬಲೆಯಲ್ಲಿ ತುಂಬಿ ಕಟ್ಟುತ್ತೇನೆ. ಬಲೆಯ ಕಣ್ಣು 4ರಿಂದ 5 ಸೆಂ.ಮೀ. ಇದ್ದರೆ ಹುಲ್ಲು ಎಳೆ ಎಳೆಯಾಗಿ ಬರುತ್ತದೆ. ಸೊಪ್ಪೆಯ ದಂಟು ಕಣ್ಣಿಗೆ ಅಡ್ಡ ನಿಲ್ಲುವುದರಿಂದ ಅದನ್ನು ಹಗಲಿನಲ್ಲೇ ಮುಗಿಸುವುದು. ಬಲೆ ಖಾಲಿಯಾಗಿ ಜೋತಾಗಲೂ ತಳ ಕುದುರೆಯ ಎದೆಮಟ್ಟದಲ್ಲಿರಬೇಕು, ಇಲ್ಲದಿದ್ದರೆ ಲಾಳ ಸಿಕ್ಕಿಕೊಳ್ಳುತ್ತದೆ. ನೇರವಾಗಿ ಕಬ್ಬಿಣದ ಬಳೆಗೆ ಕಟ್ಟದೆ ನಡುವೆ ತೆಳು ಸಣಬಿನ ಹುರಿ ಹಾಕಿದರೆ ಎಳೆದಾಟದಲ್ಲಿ ಅದೇ ಹರಿಯುತ್ತದೆ.

ಕಾಳನ್ನು ಕೆಲಸವಿಲ್ಲದ ದಿನಗಳಲ್ಲಿ ಒಂದು ಕಿಲೋಗೆ ಇಳಿಸಿದೆ, ಅದೂ ಮೂರು ಹೊತ್ತಿಗೆ ಹಂಚಿ, ಹುಲ್ಲು ತಿಂದ ಮೇಲೆ. ಬೆಲ್ಲ ಪೂರ್ತಿ ಬಂದ್. ಕಾಳು, ಬೆಲ್ಲ ತಿಂದ ಮುಂದಿನ ಅರ್ಧ ತಾಸಿನಲ್ಲೇ ಕಚ್ಚುವುದು ಹೆಚ್ಚು, ನಿಂತು ನೋಡಿದರೆ ಗೊತ್ತಾಗುತ್ತದೆ. ಬದಲಾವಣೆಯನ್ನು ಹತ್ತು ದಿನಕ್ಕೆ ಹರಡಬೇಕು, ಒಮ್ಮೆಲೇ ಮಾಡಿದರೆ ಹೊಟ್ಟೆನೋವು ಖಾತ್ರಿ.

ಮರದ ಗ್ವಾದಲಿ ತೆಗೆದು ಹಳೆ ಟೈರಿನಿಂದ ಮಾಡಿದ ಬಾನಿಯನ್ನು ನೆಲದಲ್ಲಿಟ್ಟೆ, ಹಲ್ಲಿಗೆ ಹಿಡಿತ ಸಿಗಲಿಲ್ಲ. ಆದರೆ ನಮ್ಮ ಕೆಂಪು ಮಸಾರಿ ನೆಲದಲ್ಲಿ ಉದುರಿದ ಕಾಳಿನ ಜೊತೆ ಮರಳೂ ಒಳಗೆ ಹೋಗುತ್ತದೆ. ಬಾನಿಯ ಕೆಳಗೆ ರಬ್ಬರ್ ಮ್ಯಾಟ್ ಬೇಕೇ ಬೇಕು. ತಿಂಗಳಿಗೊಮ್ಮೆ ಆರು ಲದ್ದಿ ಉಂಡೆಗಳನ್ನು, ನೆಲಕ್ಕೆ ತಾಗದ ಮೇಲ್ಭಾಗದಿಂದ ತೆಗೆದು, ಗಾಜಿನ ಬಾಟಲಿ ನೀರಿನಲ್ಲಿ ಕದಡಿ ಕಾಲು ತಾಸು ಬಿಡುತ್ತೇನೆ. ತಳದಲ್ಲಿ ಮರಳು ಕೂತರೆ ಮೇವಿನ ಜಾಗ ಬದಲಿಸುತ್ತೇನೆ.

ಇಷ್ಟಾದರೂ ಹಳೆಯ ಚಟ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ. ಉಳಿದ ಚಟಕ್ಕೆಂದು ಎದೆಮಟ್ಟದಲ್ಲಿ ದಪ್ಪ ರಬ್ಬರ್ ಸುತ್ತಿದ ಒಂದು ಹಲಗೆ ಬಿಟ್ಟಿದ್ದೇನೆ, ಹಲ್ಲು ಉಳಿಯಲೆಂದು.

ಬಾಗಿಲು ಒದೆಯುವುದಕ್ಕೆ ಮದ್ದು ಬೇರೆ. ಒದ್ದ ಕೂಡಲೇ ಮೇವು ಹಾಕಿದರೆ ಒದ್ದರೆ ಸಿಗುತ್ತದೆ ಎಂದು ಕಲಿಯುತ್ತದೆ, ಬೈದರೂ ಅಷ್ಟೇ. ನಾಲ್ಕೂ ಕಾಲು ನೆಲದಲ್ಲಿದ್ದಾಗಲೇ ಬಕೆಟ್ ಎತ್ತಬೇಕು. ಮೊದಲ ಕೆಲವು ದಿನ ಇನ್ನೂ ಜೋರಾಗಿ ಒದೆಯುತ್ತದೆ, ಆಗ ಸೋತು ಹಾಕಿದರೆ ಜೋರಾಗಿ ಒದೆಯುವುದನ್ನೇ ಕಲಿಸಿದಂತೆ. ಬಾಗಿಲಿಗೆ ರಬ್ಬರ್ ಹೊಡೆದು ಸದ್ದು ಅಡಗಿಸಿದರೆ ಅರ್ಧ ಮಜಾ ಅಲ್ಲೇ ಹೋಗುತ್ತದೆ.

ಗಾಳಿ ಎಳೆಯುವ ಕುದುರೆ ಮೇವು ಬಿಟ್ಟು, ಪಕ್ಕೆ ತಿರುಗಿ ನೋಡುತ್ತಾ ಮಲಗಿ ಏಳುತ್ತಿದ್ದರೆ ಅದನ್ನು ಚಟವೆಂದುಕೊಂಡು ಕೂರಬಾರದು. ಈ ಕುದುರೆಗಳಲ್ಲಿ ಕರುಳು ಸಿಕ್ಕಿಕೊಳ್ಳುವ ಅಪಾಯ ಹೆಚ್ಚು. ಮೇವು ತೆಗೆದು ಆ ಕ್ಷಣವೇ ಪಶುವೈದ್ಯರಿಗೆ ಫೋನ್ ಮಾಡಿ, ಕೊನೆಯ ಲದ್ದಿ ಯಾವಾಗ ಹಾಕಿತು ಎಂಬುದನ್ನು ಮೊದಲು ಹೇಳಬೇಕು.